ಮೂಲ ಗೆರೆ ಯಾರ ಕೈಯಲ್ಲಿ?

ನ್ಯಾಯದ ಮನೆಯೊಳಗ ನಮ್ಮ ಮಾತು ನಮ್ಮದಾಗಿ ಉಳೀತದೇನು? ಇದನ್ನು ಕೇಳಲು ನಾವು ಸ್ವಲ್ಪ ದೂರದಿಂದ ಬರಬೇಕು.

ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಪಂಚ್ (1841), ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್ (1842), ಗ್ರಾಫಿಕ್ (1869) ಎಂಬ ಪತ್ರಿಕೆಗಳು ಹುಟ್ಟಿದವು. ಕೋರ್ಟಿನ ಮೆಟ್ಟಿಲು ಹತ್ತದ ಓದುಗರಿಗೆ ಇಂಥ ಪತ್ರಿಕೆಗಳು ಕೋರ್ಟನ್ನು ಚಿತ್ರದಲ್ಲಿ ತೋರಿಸಿದವು: ವಿಗ್ಗು ತೊಟ್ಟ ವಕೀಲ, ಪೀಠದ ಮೇಲೆ ದೊರೆ, ಕಟಕಟೆಯಲ್ಲಿ ಬಡವ. ಕಲಾವಿದ ಅಚ್ಚಿನ ಮರದ ಮೇಲೇ ಗೆರೆ ಎಳೆದರೆ, ಕೊರೆಯುವವನ ಉಳಿ ಆ ಮೂಲಚಿತ್ರವನ್ನೇ ತಿಂದುಹಾಕುತ್ತಿತ್ತು. ಓದುಗನಿಗೆ ದಕ್ಕಿದ್ದು ಕೊರೆದವನ ಗೆರೆ. ಫೋಟೊ ಬಳಸಿ ಅಚ್ಚು ಮಾಡುವ ವಿದ್ಯೆ ಬಂದ ಮೇಲೆ ಕಾಗದದ ಮೇಲಿನ ಶಾಯಿಚಿತ್ರ ಹೆಚ್ಚಾಗಿ ಉಳಿಯತೊಡಗಿತು.

ನಮ್ಮ ಸಾಕ್ಷಿಯ ಗತಿಯೂ ಇದೇ. ಔರಾದ ಕಡೆಯ ಕೂಲಿ ಹೆಣ್ಣುಮಗಳು ಮರಾಠಿ ಬೆರೆತ ಕನ್ನಡದಾಗ ಹೇಳ್ತಾಳ. ಬೀದರಿನ ಓಣಿಯವ ಉರ್ದು ಬೆರೆಸ್ತಾನ. ಭಾಲ್ಕಿಯ ಮುದುಕ 'ಹೊಡದ್ರು' ಅಂದು ಸುಮ್ಮನಾಗ್ತಾನ. ಜಾತಿ ಹಿಡಿದು ಬೈದದ್ದು ಬಾಯಿಗೆ ಬರೋದಿಲ್ಲ. ಸೆಷನ್ಸ್ ವಿಚಾರಣೆಯ ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಅಲ್ಲ, ಕಥನವಾಗಿ ಬರೆದುಕೊಳ್ಳಬೇಕೆಂಬುದು ಕಾನೂನು. ಪ್ರಶ್ನೆ ಹೋಯಿತು, ತಡವರಿಕೆ ಹೋಯಿತು, ಮೌನವೂ ಹೋಯಿತು. ಮೇಲ್ಮನವಿಯಲ್ಲಿ ಓದುವುದು ಆ ಕಾಗದವನ್ನೇ. ನಿಜಾಮನ ಕಾಲದಲ್ಲಿ ಇಲ್ಲಿನ ಕಚೇರಿಯ ಭಾಷೆ ಉರ್ದು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ ಬಂತು. ಭಾಷೆ ಬದಲಾಯಿತು. ಬರೆಯುವ ಕೈ ಬದಲಾಯಿತೇ?

1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ 15ಎ ಕಲಮು ಸೇರಿತು. ಈ ಕಾಯ್ದೆಯ ಅಪರಾಧಗಳ ಎಲ್ಲ ನಡಾವಳಿಯೂ ವಿಡಿಯೊದಲ್ಲಿ ದಾಖಲಾಗಬೇಕು ಎನ್ನುತ್ತದೆ ಅದರ ಹತ್ತನೇ ಉಪಕಲಮು. ಅಂದರೆ ಮೂಲ ಉಳಿಯಬೇಕು.

'ನೊಂದವರ ಮಾನ ಬಜಾರಿಗೆ ಬರೋದಿಲ್ಲೇನು?' ಅಂತ ಕೆಲವರು ಕೇಳ್ತಾರ. ಪ್ರಶ್ನೆ ಸಣ್ಣದಲ್ಲ. ಇಂಗ್ಲೆಂಡ್ 1925ರಲ್ಲಿ ಕೋರ್ಟಿನೊಳಗೆ ಫೋಟೊ ತೆಗೆಯುವುದನ್ನೂ ಚಿತ್ರ ಬರೆಯುವುದನ್ನೂ ನಿಷೇಧಿಸಿತು. 2024ರಲ್ಲಿ ನಮ್ಮ ಹೈಕೋರ್ಟಿನ ನೇರಪ್ರಸಾರದ ತುಣುಕುಗಳು ಮೊಬೈಲಿನಲ್ಲಿ ಹರಿದಾಡಿ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ನಮ್ಮ ಅಳು ಯಾರದೋ ಮನರಂಜನೆ ಆಗಕೂಡದು. ಆದರೆ ದಾಖಲೆ ಬೇರೆ, ತಮಾಷೆ ಬೇರೆ. ಆ ವಿಡಿಯೊ ಬಜಾರಿಗೆ ಬೇಡ. ಮೇಲಿನ ಪೀಠದ ಕಣ್ಣಿಗೆ ಬೇಕು. ಅಲ್ಲಿ ಸಾಕ್ಷಿಯ ಅಂಜಿಕೆಯಷ್ಟೇ ಅಲ್ಲ, ಆಕೆಯನ್ನು ಅಂಜಿಸಿದ ದನಿಯೂ ಸಿಗುತ್ತದೆ. ಮಾನದ ಹೆಸರು ಹೇಳಿ ದಾಖಲೆ ಕೈಬಿಟ್ಟರೆ ಉಳಿಯುವುದು ಯಾರ ಮಾನ?

ಗೆಳೆಯರೇ, ಮಾಸ್ತರರೇ, ಕಾರ್ಯಕರ್ತರ ನೆರವು ಪಡೆಯುವ ಹಕ್ಕೂ ಅದೇ ಕಲಮಿನಲ್ಲದ. ಪೇಶಿಗೆ ಹೋಗುವವರ ಕೂಡ ಹೋಗ್ರಿ. ಸಾಕ್ಷಿ ಬಾಯಿ ತೆರೆಯುವ ಮೊದಲು ಸರಕಾರಿ ವಕೀಲರನ್ನು ಕೇಳ್ರಿ: ರೆಕಾರ್ಡಿಂಗ್ ಚಾಲೂ ಅದ ಏನ್ರಿ?