ಚಾಕುವಿನ ಮೇಲಿನ ಹೆಸರು

2012ರಲ್ಲಿ ನನ್ನ ತಮ್ಮನ ಮಗನನ್ನು ಆಫೀಸಿನವರು ಮೂರು ತಿಂಗಳು ಅಮೆರಿಕಕ್ಕೆ ಕಳಿಸಿದ್ದರು. ಬರುವಾಗ ನಮಗೆಲ್ಲ ಚಾಕೊಲೇಟು ತಂದ, ತನಗೊಂದು ಚಾಕು ತಂದುಕೊಂಡ. ಬೇಸಿಗೆ ರಜೆಯಲ್ಲಿ ಸಾಗರದ ನಮ್ಮ ಮನೆಗೆ ಬಂದವನು ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಅತ್ತೆ, ಇದು ಬೇರ್ ಗ್ರಿಲ್ಸ್ ಚಾಕು!" ಎಂದ. ನಾನು ಮೆಟ್ಟುಗತ್ತಿಯ ಮುಂದೆ ಕೂತು ಹಲಸಿನಕಾಯಿ ಹೆಚ್ಚುತ್ತಿದ್ದೆ. "ಯಾವ ಬೇರೋ?" ಎಂದು ಕೇಳಿ ನಗೆಪಾಟಲಾದೆ.

ಬೇರ್ ಗ್ರಿಲ್ಸ್ ಎಂದರೆ ಇಂಗ್ಲೆಂಡಿನ ಸಾಹಸಿ. 1998ರಲ್ಲಿ, 23ರ ಹರೆಯದಲ್ಲಿ ಎವರೆಸ್ಟ್ ಹತ್ತಿದವನು. 2006ರಿಂದ ಡಿಸ್ಕವರಿ ಚಾನೆಲ್‌ನಲ್ಲಿ ಹುಳುಹುಪ್ಪಟೆ ತಿಂದು ಕಾಡಿನಲ್ಲಿ ಬದುಕಿ ತೋರಿಸಿದವನು. 2009ರಲ್ಲಿ ಬ್ರಿಟನ್ನಿನ ಸ್ಕೌಟ್ ಮಕ್ಕಳ ಮುಖ್ಯಸ್ಥನಾದ. ಆಮೇಲೆ 2020ರಲ್ಲಿ ನಮ್ಮ ಬಂಡೀಪುರಕ್ಕೇ ಬಂದು ರಜನಿಕಾಂತ್ ಜೊತೆ ಚಿತ್ರೀಕರಣ ಮಾಡಿದ ಮೇಲಂತೂ ಅವನ ಹೆಸರು ನಮ್ಮ ಸ್ಟಾಫ್ ರೂಮಿನವರೆಗೂ ಬಂತು. ಆದರೆ ಆ ದಿನ ನನಗೆ ಕಂಡದ್ದು ಒರೆಯ ಮೇಲಿನ ಕಿತ್ತಳೆ ಬಣ್ಣ ಮತ್ತು ಆ ಹೆಸರು ಮಾತ್ರ.

ವಸ್ತುವೇನೋ ಚೆನ್ನಾಗಿತ್ತು. ತುಕ್ಕು ಹಿಡಿಯದ ಉಕ್ಕಿನ ದಪ್ಪ ಅಲಗು, ಅದರ ಅರ್ಧ ಭಾಗಕ್ಕೆ ಗರಗಸದಂಥ ಹಲ್ಲು. ರಬ್ಬರಿನ ಹಿಡಿ, ಹಿಡಿಯ ತುದಿಯಲ್ಲಿ ಸುತ್ತಿಗೆಯಂಥ ಲೋಹದ ಗುಬುಟು. ಒರೆಯಲ್ಲೇ ಮಸೆಯುವ ಪಟ್ಟಿ, ಕಿಡಿ ಹಾರಿಸುವ ಕಡ್ಡಿ, ದಾರಕ್ಕೊಂದು ಸೀಟಿ. ತಯಾರಿಸಿದ್ದು ಗರ್ಬರ್ ಕಂಪನಿ. ಅದು 1939ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಹುಟ್ಟಿ, ನಂತರ ಫಿನ್‌ಲ್ಯಾಂಡಿನ ಫಿಸ್ಕಾರ್ಸ್‌ನವರ ಪಾಲಾಗಿದೆ. 1967ರಲ್ಲಿ ಕಿತ್ತಳೆ ಬಣ್ಣದ ಹಿಡಿಯ ಕತ್ತರಿಯನ್ನು ಹೊರತಂದವರು ಇದೇ ಫಿಸ್ಕಾರ್ಸ್‌ನವರು. ಹೊಲಿಗೆ ಮಾಡುವ ನಮ್ಮಂಥವರಿಗೆ ಕತ್ತರಿಯ ಮೂಲಕವಾದರೂ ನೆಂಟರಾದರು ಎನ್ನಿ. ಚಾಕು ಮಾತ್ರ ಚೀನಾದಲ್ಲಿ ಆಗಿತ್ತು. ಬೆಲೆ ಸುಮಾರು 60 ಡಾಲರ್. ಆಗಿನ ಲೆಕ್ಕದಲ್ಲಿ 3,000 ರೂಪಾಯಿ ದಾಟಿತು.

ಅದರಲ್ಲಿ ಸೌತೆಕಾಯಿ ಹೆಚ್ಚಲು ಹೋದೆ, ದಪ್ಪ ಅಲಗಿಗೆ ಹೋಳು ಸೀಳಿಹೋಯಿತು. ಅದು ಚಾಕುವಿನ ತಪ್ಪಲ್ಲ, ಹಗ್ಗ ಕೊಯ್ಯುವ ಹಲ್ಲನ್ನು ಕೋಸಂಬರಿಗೆ ಹಚ್ಚಿದ ನನ್ನ ತಪ್ಪು. ಆದರೂ ಹುಡುಗನೇ ಒಂದು ಮಾತು ಬಾಯಿಬಿಟ್ಟ. ಸ್ವೀಡನ್ನಿನ ಮೋರಾ ಎಂಬ ಊರಿನಲ್ಲಿ 1891ರಿಂದ ಚಾಕು ಮಾಡುತ್ತಿದ್ದಾರಂತೆ. ಪ್ಲಾಸ್ಟಿಕ್ ಹಿಡಿಯ ಸಾದಾ ಚಾಕು, 15 ಡಾಲರಿನ ಆಸುಪಾಸು. ಬಡಗಿಗಳೂ ಕಾಡು ತಿರುಗುವವರೂ ಅದನ್ನೇ ಇಟ್ಟುಕೊಳ್ಳುತ್ತಾರೆ. ಮರ ಕೆತ್ತಲು ಅದೇ ಮೇಲು, ಹಲ್ಲಿಲ್ಲದ ಅಲಗಾದ್ದರಿಂದ ಮಸೆಯುವುದೂ ಸುಲಭ.

"ಹಾಗಾದರೆ ಉಳಿದ 45 ಡಾಲರ್ ಯಾವುದಕ್ಕೆ ಕೊಟ್ಟೆ?"

"ಸೀಟಿ, ಕಡ್ಡಿ, ಒರೆ... ಆಮೇಲೆ ಅವನ ಹೆಸರು ಅತ್ತೆ. ಅವನನ್ನು ನೋಡಿಯೇ ನನಗೆ ಕಾಡಿನ ಹುಚ್ಚು ಹತ್ತಿದ್ದು. ಅದಕ್ಕೆ ಬೆಲೆಯಿಲ್ಲವಾ? ಕಂಪನಿ ಗ್ಯಾರಂಟಿ ಬೇರೆ ಇದೆ."

"ಸಾಗರದಿಂದ ಪೋರ್ಟ್‌ಲ್ಯಾಂಡಿಗೆ ಪಾರ್ಸೆಲ್ ಖರ್ಚು ಎಷ್ಟಾಗುತ್ತೋ?" ಎಂದು ಬಾಯಿ ಮುಚ್ಚಿಸಿದೆ.

ಬಾಯಿ ಮುಚ್ಚಿಸುವುದು ಮೇಷ್ಟರಿಕೆಯವರಿಗೆ ಕಷ್ಟವಲ್ಲ. ಆದರೆ ಅವನ ಮಾತಿನಲ್ಲಿ ಹುರುಳಿತ್ತು. ಒಬ್ಬರ ಮೇಲಿನ ಪ್ರೀತಿಗೆ ದುಡ್ಡು ಕೊಡುವುದು ಮೋಸ ಹೋದಂತೆಯೇ? ದೇವಸ್ಥಾನದ ಜಾತ್ರೆಯಲ್ಲಿ ಕೊಂಡ ಬಳೆಗೆ ನಾವು ಪೇಟೆಗಿಂತ ಹೆಚ್ಚು ಕೊಡುವುದಿಲ್ಲವೇ? ಅರವತ್ತರಲ್ಲಿ ಎಷ್ಟು ಉಕ್ಕಿಗೆ, ಎಷ್ಟು ಹೆಸರಿಗೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ, ಅಷ್ಟೇ ತೊಡಕು.

ಅದೇ ವಾರ ನಾನು ಕುಲುಮೆಯಿಂದ ಹೊಸ ಕತ್ತಿ ತಂದಿದ್ದೆ. ಆಚಾರಿ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಸಿ, ಬಡಿದು, ಅಂಚಿಗೆ ನೀರು ಹಿಡಿಸಿ ಮಾಡಿದ ಕತ್ತಿ. ಕೊಬ್ಬರಿ ಎಣ್ಣೆ ಸವರದಿದ್ದರೆ ಮಳೆಗಾಲದಲ್ಲಿ ತುಕ್ಕು ಖಂಡಿತ. ಅಲಗಿನ ಬುಡದಲ್ಲಿ ಮೂರು ಚುಕ್ಕೆ ಒತ್ತಿರುತ್ತಾರೆ, ಅದೇ ಅವರ ರುಜು. ಮೊಂಡಾದರೆ, ಮುಕ್ಕಾದರೆ ಬಸ್‌ಸ್ಟ್ಯಾಂಡಿನ ಹಿಂದಿನ ಅವರ ಬಾಗಿಲಿಗೇ ಹೋಗಿ ಬೈಯಬಹುದು. 220 ಹೇಳಿದ್ದರು. "ಏನು ಆಚಾರ್ರೇ, ಗುರುತಿನವರಿಗೂ ಹೀಗೇನಾ?" ಎಂದು 180ಕ್ಕೆ ಇಳಿಸಿ ಗೆದ್ದವಳಂತೆ ಮನೆಗೆ ಬಂದಿದ್ದೆ. ಮೂರು ಸಾವಿರ ಎಣಿಸಿದ ಹುಡುಗನಿಗೆ ಬುದ್ಧಿ ಹೇಳಿದ್ದು ಇದೇ ನಾನು.

ಇದಕ್ಕಿಂತ ಹಳೆಯದೊಂದು ಸಂಗತಿಯನ್ನು ಅವನಿಗೆ ಹೇಳಲಿಲ್ಲ. 2003ರಲ್ಲಿ ಒಬ್ಬ ಪ್ರಕಾಶಕರು ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನದ ಗೈಡು ಹಿಡಿದು ಮನೆಗೆ ಬಂದರು. "ಬರೆಸಿ ಆಗಿದೆ ಟೀಚರ್, ನಿಮ್ಮ ಹೆಸರೊಂದು ಹಾಕಲು ಒಪ್ಪಿದರೆ ಸಾಕು" ಎಂದರು. 1,500 ರೂಪಾಯಿಯ ಕವರು ಮೇಜಿನ ಮೇಲಿತ್ತು. ಆ ತಿಂಗಳು ಮನೆಯ ಹೆಂಚು ಕೈಯಾಡಿಸುವುದಿತ್ತು. ಒಪ್ಪಿದೆ. ಕರಡು ಓದಲಿಲ್ಲ. ಹೊದಿಕೆಯ ಮೇಲೆ ನನ್ನ ಹೆಸರು, ಬಿ.ಎ., ಬಿ.ಎಡ್., 'ಅನುಭವಿ ಶಿಕ್ಷಕಿ' ಎಂದು ದಪ್ಪಕ್ಷರದಲ್ಲಿ ಬಂತು. ಹೆಸರಿಲ್ಲದ ಗೈಡಿಗೆ 25 ರೂಪಾಯಿ, ನನ್ನ ಹೆಸರಿದ್ದದ್ದಕ್ಕೆ 32.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಕಿತ್ತೂರು ಚೆನ್ನಮ್ಮನ ಹೋರಾಟದ ವರ್ಷ 1842 ಎಂದು ಬರೆದಿದ್ದಳು. ಅದು 1824 ಎಂದು ತರಗತಿಯಲ್ಲಿ ನಾನು ಹತ್ತು ಸಲ ಹೇಳಿದ್ದೆ. ಕೆಂಪು ಗೀಟು ಎಳೆದೆ. ಮರುದಿನ ಆಕೆ ಗೈಡು ತೆರೆದು ನನ್ನ ಮೇಜಿನ ಮೇಲಿಟ್ಟು, "ನಿಮ್ಮ ಪುಸ್ತಕದಲ್ಲೇ ಹೀಗಿದೆ ಟೀಚರ್" ಎಂದಳು. ದೂರುವ ದನಿಯಲ್ಲ, ನನ್ನ ಬಾಯಿಗಿಂತ ನನ್ನ ಹೆಸರನ್ನು ಹೆಚ್ಚು ನಂಬಿದವಳ ದನಿ. ಅವಳ ತಾಯಿ ಅಡಿಕೆ ಸುಲಿಯಲು ಹೋಗುತ್ತಿದ್ದವಳು. ಆ ಹೆಚ್ಚಿನ 7 ರೂಪಾಯಿಗೆ ಆಕೆ ಎಷ್ಟು ಅಡಿಕೆ ಸುಲಿದಿದ್ದಳೋ.

ಒಂದು ಅಂಕ ಹಿಂದಿರುಗಿಸಿದೆ. 7 ರೂಪಾಯಿ ಕೊಡಲು ಮುಖವಿರಲಿಲ್ಲ. ಪ್ರಕಾಶಕರಿಗೆ ಪತ್ರ ಬರೆದೆ, ಮುಂದಿನ ಮುದ್ರಣದಲ್ಲಿ ನನ್ನ ಹೆಸರು ಬಿಟ್ಟರು. ವರ್ಷ ತಿದ್ದಿದರೋ ಇಲ್ಲವೋ ಎಂದು ನಾನು ನೋಡಲಿಲ್ಲ. ಇದೂ ಒಂದು ತಪ್ಪೇ.

ಗ್ರಿಲ್ಸ್ ತನ್ನ ಹೆಸರಿನ ಚಾಕುವನ್ನು ಕೈಯಲ್ಲಿ ಹಿಡಿದಾದರೂ ನೋಡಿರುತ್ತಾನೆ. ನಾನು ಅಷ್ಟನ್ನೂ ಮಾಡಿರಲಿಲ್ಲ. ಈಗ ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ ಹೆಸರು ಕೊಟ್ಟವರಿಗೂ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೇಳಿದ್ದು ನಿಜವೇ ಎಂದು ತಕ್ಕ ಎಚ್ಚರದಿಂದ ಪರಿಶೀಲಿಸಿದ್ದರೆ ಮಾತ್ರ ವಿನಾಯಿತಿ. ಪತ್ರಿಕೆಯಲ್ಲಿ ಓದಿದಾಗ ನನಗೆ ನೆನಪಾದದ್ದು ಯಾವ ಸಿನಿಮಾ ನಟನೂ ಅಲ್ಲ, ಮೇಜಿನ ಮೇಲೆ ತೆರೆದಿದ್ದ ಆ ಗೈಡು. ಕಾಯ್ದೆಗೆ ನನ್ನ 1,500 ಕಾಣದೇ ಇರಬಹುದು. ಆದರೆ ಓದಿ ನೋಡಿದ್ದೀಯಾ ಎಂಬ ಅದರ ಪ್ರಶ್ನೆ ನನಗೂ ಸಲ್ಲುತ್ತದೆ.

ಹುಡುಗನ ಚಾಕು ಈಗಲೂ ನಮ್ಮ ಅಟ್ಟದಲ್ಲಿದೆ, ಸೀಟಿ ಮಾತ್ರ ಅವನ ಮಗಳ ಕೊರಳಲ್ಲಿ. ಕುಲುಮೆಯ ಕತ್ತಿ ಮಸೆದು ಮಸೆದು ಸವೆದಿತ್ತು. ಹೋದ ತಿಂಗಳು ಹೊಸದಕ್ಕೆ ಹೇಳಲು ಹೋದೆ. ಈಗ ಮಗ ನಡೆಸುತ್ತಾನೆ, ಚುಕ್ಕೆ ಅವೇ ಮೂರು. "600 ಆಗುತ್ತೆ ಟೀಚರಮ್ಮ" ಎಂದ. ಸುಮ್ಮನೆ ಎಣಿಸಿ ಕೊಟ್ಟೆ. ನಾನು ಚೌಕಾಸಿ ಮಾಡದ್ದು ಕಂಡು ಅವನಿಗೇ ಅನುಮಾನ ಬಂತೇನೋ, ಐನೂರರ ನೋಟನ್ನು ಬೆಳಕಿಗೆ ಹಿಡಿದು ನೋಡಿದ.