ಬಂಗುಡೆಯ ಕಣ್ಣು, ಅರಿಸ್ಟಾಟಲನ ಚಾಕು

ವೇದಿಕೆಯ ಭಾಷಣಗಳಲ್ಲಿ ಈಚೆಗೆ ಪ್ರೋಟೀನನ್ನೂ ಸಾಕ್ಷಿಗೆ ಕರೆಯುತ್ತಾರೆ. ದೇಹದಲ್ಲಿ ಪ್ರತಿ ಪ್ರೋಟೀನಿಗೂ ಒಂದು ಆಕಾರ, ಆಕಾರಕ್ಕೆ ತಕ್ಕ ಒಂದೇ ಕೆಲಸ. ಸಮಾಜದಲ್ಲೂ ಹಾಗೆಯೇ ಹುಟ್ಟಿಗೆ ತಕ್ಕ ಕೆಲಸ ಎಂಬ ವಾದ. ಸಮಾಜದ ಮಾತು ಅತ್ತ ಇರಲಿ, ಪ್ರೋಟೀನಿನ ವಿಷಯದಲ್ಲೇ ಅದು ನಿಲ್ಲುವುದಿಲ್ಲ.

ಆಕಾರ ಕೆಟ್ಟರೆ ಕೆಲಸ ಕೆಡುತ್ತದೆ ಎಂಬಷ್ಟು ನಿಜ. ಕಾಪುವಿನಲ್ಲಿ ಮೀನಿನ ತಲೆ ಬಿಡದೆ ತಿನ್ನುವವರಿಗೆ ಇದು ಗೊತ್ತು: ಹಸಿ ಬಂಗುಡೆಯ ಕಣ್ಣಿನ ಮಸೂರ ತಿಳಿಯಾಗಿರುತ್ತದೆ, ಪುಳಿಮುಂಚಿಯಲ್ಲಿ ಕುದಿದ ಮೇಲೆ ಗಟ್ಟಿ ಬಿಳಿ ಮಣಿ. ಅಮೈನೋ ಆಮ್ಲಗಳ ಸರಪಳಿ ತುಂಡಾಗಿಲ್ಲ. ಅದರ ಮಡಿಕೆ ಬಿಚ್ಚಿ, ಸರಪಳಿಗಳು ಒಂದಕ್ಕೊಂದು ಅಂಟಿ ಗೋಜಲಾಗಿವೆ. ಬೆಳಕು ದಾಟದೆ ಚದುರುತ್ತದೆ. ಮುದುಕರ ಕಣ್ಣಿನ ಪೊರೆಯೂ ಹೆಚ್ಚುಕಡಿಮೆ ಇಂಥದೇ ಕೇಡು, ಬೆಂಕಿಯಿಲ್ಲದೆ, ವರ್ಷಗಟ್ಟಲೆ ನಡೆಯುವಂಥದು.

ಆದರೆ ಆಕಾರ ಕೊಡುವುದು ಸಾಮರ್ಥ್ಯವನ್ನು. ಕಾರ್ಯ ಬೇರೆ. ಬಾತುಕೋಳಿಯ ಮಸೂರದಲ್ಲಿ ಎಪ್ಸಿಲಾನ್ ಕ್ರಿಸ್ಟಲಿನ್ ಎಂಬ ಪ್ರೋಟೀನ್ ಹೇರಳ. ಅದು ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಹಳೆಯ ಕಿಣ್ವವೇ ಎಂದು 1987ರಲ್ಲಿ ತಿಳಿಯಿತು. ಹೃದಯದಲ್ಲಿ ಅದು ಲ್ಯಾಕ್ಟೇಟನ್ನು ಪೈರುವೇಟ್ ಮಾಡುತ್ತದೆ. ಕಣ್ಣಿನಲ್ಲಿ ದಟ್ಟವಾಗಿ ತುಂಬಿ ಬೆಳಕನ್ನು ಬಾಗಿಸುತ್ತದೆ. ಜೀನ್ ಒಂದೇ, ಮಡಿಕೆಯೂ ಒಂದೇ. ಅದರ ‘ಅಸಲಿ’ ಕೆಲಸ ಯಾವುದು? ಅಣುವನ್ನೇ ದಿಟ್ಟಿಸಿದರೆ ಉತ್ತರ ಸಿಗದು. ಎಲ್ಲಿದೆ, ಎಷ್ಟಿದೆ, ಅಲ್ಲಿ ಯಾವ ಉಪಕಾರದಿಂದ ಉಳಿದುಕೊಂಡಿತು ಎಂದು ಕೇಳಬೇಕು. ಲ್ಯಾರಿ ರೈಟ್ ಎಂಬ ತತ್ತ್ವಜ್ಞ 1973ರಲ್ಲಿ ಮಾಡಿದ ವಿವೇಚನೆ ಇದೇ ಜಾಡಿನದು: ಒಂದು ವಸ್ತು ಅಲ್ಲಿ ಏಕಿದೆ ಎಂಬುದನ್ನು ವಿವರಿಸುವ ಪರಿಣಾಮವಷ್ಟೇ ಅದರ ಕಾರ್ಯ. ಹೃದಯದ ಸದ್ದು ವೈದ್ಯರಿಗೆ ಬೇಕು, ಆದರೆ ಸದ್ದಿಗಾಗಿ ಹೃದಯ ಇಲ್ಲ.

ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಜಿ. ಎನ್. ರಾಮಚಂದ್ರನ್, ಮದ್ರಾಸಿನಲ್ಲಿದ್ದಾಗ ಸಂಗಡಿಗರೊಂದಿಗೆ 1963ರಲ್ಲಿ ಪ್ರಕಟಿಸಿದ ನಕ್ಷೆ ಸರಪಳಿಗೆ ಯಾವ ತಿರುವು ಸಾಧ್ಯ, ಯಾವುದು ಅಸಾಧ್ಯ ಎಂದಷ್ಟೇ ಹೇಳುತ್ತದೆ. ಆ ಮಿತಿಯಲ್ಲಿ ನಿಲ್ಲುವ ಗುಣ ನನಗೆ ಹಿಡಿಸುತ್ತದೆ.

ಅರಿಸ್ಟಾಟಲನಿಗೆ ಅದಿರಲಿಲ್ಲ. ‘ಪಾಲಿಟಿಕ್ಸ್’ನಲ್ಲಿ ಅವನು ಹಲವು ಕೆಲಸಕ್ಕೊದಗುವ ಡೆಲ್ಫಿಯ ಚಾಕುವನ್ನು ಹೀಗಳೆದು, ಪ್ರಕೃತಿ ಅಂಥ ಜಿಪುಣತನ ಮಾಡದು, ಒಂದು ವಸ್ತು ಒಂದೇ ಕೆಲಸಕ್ಕೆ ಎನ್ನುತ್ತಾನೆ. ಕಿಣ್ವದ ಸುದ್ದಿ ಅವನ ಕಾಲಕ್ಕೆ ಇರಲಿಲ್ಲವೆಂದು ಬಿಡಬಹುದಿತ್ತು. ಆದರೆ ಆ ಮಾತು ಬರುವುದು ಹೆಂಗಸು, ಗುಲಾಮ ಇಬ್ಬರ ಸ್ಥಾನವೂ ಸ್ವಭಾವಸಿದ್ಧ ಎನ್ನುವ ಜಾಗದಲ್ಲಿ. ತೀರ್ಪು ಮೊದಲೇ ಬರೆದಾಗಿತ್ತು. ಪ್ರಕೃತಿಯನ್ನು ಸಹಿಗೆ ಕರೆದದ್ದು ಆಮೇಲೆ.

ಬಾತುಕೋಳಿ ಅಪವಾದವೆನ್ನುವವರಿಗೆ ಇನ್ನೊಂದು ಹೇಳುತ್ತೇನೆ. ಮನುಷ್ಯರ ಮಸೂರದಲ್ಲಿರುವ ಆಲ್ಫಾ-ಬಿ ಕ್ರಿಸ್ಟಲಿನ್ ಹೃದಯದ ಸ್ನಾಯುವಿನಲ್ಲೂ ಇದೆ. ಅಲ್ಲಿ ಅದಕ್ಕೆ ಬೆಳಕಿನ ಗೊಡವೆಯಿಲ್ಲ. ಇಕ್ಕಟ್ಟಿಗೆ ಸಿಕ್ಕ ಬೇರೆ ಪ್ರೋಟೀನುಗಳು ಗಂಟುಗಟ್ಟದಂತೆ ಕಾಯುತ್ತದೆ.