ಜೂಜಾಡುವವನು, ಜೂಜಿನ ಅಡ್ಡೆಯವನು

2007ಕ್ಕೆ ಮುಂಚೆ ನಮ್ಮ ಊರಿನ ಬಸ್ ಸ್ಟ್ಯಾಂಡಿನಲ್ಲಿ ಲಾಟರಿ ಅಂಗಡಿಗಳ ಸಾಲೇ ಇತ್ತು. ಫಲಿತಾಂಶದ ಹೊತ್ತಿಗೆ ಕೂಲಿಯವರು, ಆಟೊದವರು, ಹಮಾಲರು ಅಲ್ಲಿ ಬಂದು ಸೇರುತ್ತಿದ್ದರು. ಅಂಗಡಿಯವನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆಯುವಾಗ ಗುಂಪಿಗೆ ಗುಂಪೇ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಬರೆದು ಮುಗಿಯಿತೋ ಇಲ್ಲವೋ, ನೆಲದ ತುಂಬ ಹರಿದ ಟಿಕೆಟುಗಳು. 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿತು. ಪಕ್ಕದ ಕೇರಳ 1967ರಲ್ಲಿ ಶುರುಮಾಡಿದ ಸರ್ಕಾರಿ ಲಾಟರಿಯನ್ನು ಇವತ್ತಿಗೂ ನಡೆಸುತ್ತಿದೆ. ಅದರ 2024ರ ಓಣಂ ಬಂಪರ್, 25 ಕೋಟಿ ರೂಪಾಯಿ, ಬಂದದ್ದು ನಮ್ಮ ಮಂಡ್ಯ ಜಿಲ್ಲೆಗೆ.

ಸರ್ಕಾರವೇ ಲಾಟರಿ ಮಾರಬಹುದಾದರೆ ಕ್ರಿಕೆಟ್ ಬೆಟ್ಟಿಂಗ್ ಮಾತ್ರ ಯಾಕೆ ಅಪರಾಧ ಎಂದು ಹುಡುಗರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕಲು ತತ್ತ್ವಶಾಸ್ತ್ರದಲ್ಲಿ ಒಂದು ಅಳತೆಗೋಲಿದೆ: ಹಾನಿತತ್ತ್ವ.

ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ‘ಆನ್ ಲಿಬರ್ಟಿ’ ಎಂಬ ಪುಸ್ತಕದಲ್ಲಿ ಇದನ್ನು ಮುಂದಿಟ್ಟ. ಒಬ್ಬ ವಯಸ್ಕನನ್ನು ಸಮಾಜ ಬಲವಂತದಿಂದ ತಡೆಯಬಹುದಾದದ್ದು ಅವನಿಂದ ಬೇರೆಯವರಿಗೆ ಹಾನಿಯಾಗುವಾಗ ಮಾತ್ರ. ‘ನಿನ್ನ ಒಳ್ಳೆಯದಕ್ಕೇ’ ಎಂಬ ಕಾರಣ ಸಾಲದು. ಬುದ್ಧಿ ಹೇಳಿ, ಬೇಡಿಕೊಳ್ಳಿ, ವಾದ ಮಾಡಿ. ದಂಡ ಹಿಡಿದು ಹೋಗಬೇಡಿ.

ಈ ಅಳತೆಯಲ್ಲಿ, ತನ್ನ ದುಡಿಮೆಯ ನೂರು ರೂಪಾಯಿಯನ್ನು ಒಬ್ಬ ಪಂದ್ಯದ ಮೇಲೆ ಕಟ್ಟಿದರೆ ಅದು ಅವನ ಪಾಡು. ಆದರೆ ಆ ನೂರು ಮಗಳ ಶಾಲೆಯ ಫೀಸಾಗಿದ್ದರೆ? ಹೆಂಡತಿಯ ಓಲೆ ಅಡವಿಟ್ಟು ತಂದದ್ದಾಗಿದ್ದರೆ? ಅಲ್ಲಿ ಅದು ಅವನೊಬ್ಬನ ಪಾಡಾಗಿ ಉಳಿಯುವುದಿಲ್ಲ ಎಂದು ಮಿಲ್ ಒಪ್ಪುತ್ತಾನೆ. ಮನೆಯವರಿಗೆ, ಸಾಲ ಕೊಟ್ಟವರಿಗೆ ಸಲ್ಲಬೇಕಾದದ್ದನ್ನು ತಪ್ಪಿಸಿದ್ದಕ್ಕೆ ಅವನನ್ನು ಹೊಣೆ ಮಾಡಬಹುದು.

ಅದೇ ಪುಸ್ತಕದಲ್ಲಿ ಒಂದು ಮುರುಕಲು ಸೇತುವೆ ಬರುತ್ತದೆ. ಅದು ಮುರಿಯುವಂತಿದೆ ಎಂದು ತಿಳಿಯದೆ ಒಬ್ಬ ದಾಟಲು ಹೊರಟಿದ್ದಾನೆ, ಎಚ್ಚರಿಸಲು ಸಮಯವಿಲ್ಲ. ಅವನನ್ನು ಹಿಡಿದು ನಿಲ್ಲಿಸಿದರೆ ಸ್ವಾತಂತ್ರ್ಯ ಕಸಿದಂತಲ್ಲ, ಏಕೆಂದರೆ ನದಿಗೆ ಬೀಳುವುದು ಅವನ ಬಯಕೆಯಲ್ಲ.

ಲಾಟರಿಗೂ ಬೆಟ್ಟಿಂಗಿಗೂ ನನಗೆ ಕಾಣುವ ದೊಡ್ಡ ವ್ಯತ್ಯಾಸ ಈ ಸೇತುವೆಯ ಮೇಲಿದೆ. ಲಾಟರಿ ಕೊಳ್ಳುವವನಿಗೆ ಇದು ಅದೃಷ್ಟದಾಟ ಎಂದು ಗೊತ್ತು. ಟಿಕೆಟ್ ದುಡ್ಡಿನಲ್ಲಿ ದೊಡ್ಡ ಪಾಲು ಸರ್ಕಾರಕ್ಕೂ ಏಜೆಂಟರಿಗೂ ಹೋಗುತ್ತದೆ, ನಿಜ. ಆದರೆ ಕೇರಳದಲ್ಲಿ ದಿನಕ್ಕೆ ಒಂದು ಡ್ರಾ, ಸೋತವನು ನಾಳೆಯವರೆಗೆ ಕಾಯಬೇಕು. ಬೆಟ್ ಕಟ್ಟುವವನು ಮಾತ್ರ ತನಗೆ ಆಟ ಗೊತ್ತು ಎಂದುಕೊಂಡಿರುತ್ತಾನೆ. ಪಿಚ್ ಗೊತ್ತು, ಬೌಲರ್ ಗೊತ್ತು. ಎರಡೂ ತಂಡಗಳು ಸಮಸಮ ಎಂದಿಟ್ಟುಕೊಳ್ಳಿ. ಬುಕ್ಕಿ ನೂರಕ್ಕೆ 190 ಕೊಡುತ್ತೇನೆ ಎನ್ನುತ್ತಾನೆ. ಈ ಕಡೆ ಒಬ್ಬ ನೂರು, ಆ ಕಡೆ ಒಬ್ಬ ನೂರು. ಬಂದದ್ದು 200, ಕೊಟ್ಟದ್ದು 190. ಯಾರೇ ಗೆಲ್ಲಲಿ, ಹತ್ತು ರೂಪಾಯಿ ಬುಕ್ಕಿಯ ಗಲ್ಲಾದಲ್ಲಿ. ಮೊಬೈಲಿನಲ್ಲಾದರೆ ಪ್ರತಿ ಓವರಿಗೆ, ಪ್ರತಿ ಬಾಲಿಗೆ ಇದೇ ಲೆಕ್ಕ. ಕಳೆದದ್ದನ್ನು ಮುಂದಿನ ಬಾಲಿನಲ್ಲೇ ವಾಪಸ್ ತೆಗೆಯುವ ಆಸೆ. ತಿಳಿವಳಿಕೆಯೇ ಇಲ್ಲಿ ಕಣ್ಣಿಗೆ ಕಟ್ಟಿದ ಬಟ್ಟೆ.

ಇನ್ನೊಂದು ಹಾನಿ ಆಟಕ್ಕೇ ತಗಲುವಂಥದ್ದು. ಲಾಟರಿಯ ಚಕ್ರವನ್ನು ಯಾರೂ ಪ್ರೀತಿಸುವುದಿಲ್ಲ. ಕ್ರಿಕೆಟ್ಟನ್ನು ನಾವು ಪ್ರೀತಿಸುತ್ತೇವೆ. 2000ದಲ್ಲಿ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನ್ಯೆ ಬುಕ್ಕಿಗಳಿಂದ ಹಣ ಪಡೆದದ್ದನ್ನು ಒಪ್ಪಿಕೊಂಡಾಗ, ಬೆಟ್ ಕಟ್ಟದೆ ಸುಮ್ಮನೆ ರೇಡಿಯೊ ಕೇಳಿದವರಿಗೂ ಮೋಸವಾಗಿತ್ತು. ಆಗ ಬೆಟ್ಟಿಂಗ್ ಭಾರತದಲ್ಲಿ ಕಳ್ಳದಂಧೆಯೇ ಆಗಿತ್ತಲ್ಲ ಎನ್ನಬಹುದು. ಕೇಂದ್ರದ ಕಾನೂನು ಆಯೋಗವೂ 2018ರ ವರದಿಯಲ್ಲಿ, ಪೂರ್ತಿ ತಡೆಯಲಾಗದಿದ್ದರೆ ನಿಯಂತ್ರಿಸುವುದೇ ದಾರಿ ಎಂದಿತು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಪರವಾನಗಿ ಸಿಕ್ಕ ದಿನವೇ ಜಾಹೀರಾತು ಬರುತ್ತದೆ. ಕಳ್ಳದಂಧೆಯಲ್ಲಿ ಬುಕ್ಕಿಯನ್ನು ಹುಡುಕಿಕೊಂಡು ಹೋಗಬೇಕು. ಕಾನೂನಿನ ದಂಧೆಯಲ್ಲಿ ಬುಕ್ಕಿಯೇ ಮನೆಗೆ ಬರುತ್ತಾನೆ.

ಮಿಲ್‌ಗೂ ಕಗ್ಗಂಟಾದದ್ದು ಈ ಬುಕ್ಕಿಯೇ. ಜೂಜಾಡುವವನನ್ನು ಬಿಡಬೇಕು, ಸರಿ; ಜೂಜಿನ ಅಡ್ಡೆ ನಡೆಸುವವನನ್ನು? ಬೇರೆಯವರ ಸೋಲಿನಿಂದಲೇ ಅವನ ಹೊಟ್ಟೆ ತುಂಬುವುದು, ಆದ್ದರಿಂದ ಪ್ರಚೋದಿಸುವುದೇ ಅವನ ಕಸುಬು. ಆದರೂ ಮಾಡಿದವನನ್ನು ಬಿಟ್ಟು ಅನುವು ಮಾಡಿಕೊಟ್ಟವನನ್ನು ಶಿಕ್ಷಿಸುವುದು ನ್ಯಾಯವೇ ಎಂಬಲ್ಲಿ ಮಿಲ್ ತೀರ್ಪು ಕೊಡದೆ ನಿಲ್ಲುತ್ತಾನೆ. ಸ್ವಾತಂತ್ರ್ಯದ ಬಗ್ಗೆ ಅಷ್ಟು ಖಚಿತವಾಗಿ ಬರೆದವನು ಇಲ್ಲಿ ತಡವರಿಸಿದ್ದಾನೆ ಎಂಬುದೇ ನನಗೆ ಆ ಪುಟಗಳ ಮೇಲಿನ ಗೌರವ ಹೆಚ್ಚಿಸಿತು.

ಅಡ್ಡೆಯವನು ಸರ್ಕಾರವೇ ಆದರೆ? ಇದು ನಮ್ಮಲ್ಲಿ ಬಹಳ ಹಳೆಯ ಜಗಳ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷ ಎಂಬ ಅಧಿಕಾರಿಯಿದ್ದಾನೆ. ಜೂಜನ್ನೆಲ್ಲ ಒಂದೇ ಕಡೆ ಸೇರಿಸುವುದು, ಗೆದ್ದ ಹಣದಲ್ಲಿ ನೂರಕ್ಕೆ ಐದು ವಸೂಲು ಮಾಡುವುದು ಅವನ ಕೆಲಸ. ಮನುಸ್ಮೃತಿಯದು ತದ್ವಿರುದ್ಧ ನಿಲುವು. ಜೀವವಿಲ್ಲದ ದಾಳದಂಥ ವಸ್ತುಗಳಿಂದ ಆಡಿದರೆ ದ್ಯೂತ, ಜೀವಿಗಳ ಮೇಲೆ ಪಣ ಕಟ್ಟಿ ಆಡಿಸಿದರೆ ಸಮಾಹ್ವಯ ಎಂದು ಎರಡನ್ನೂ ಬೇರೆಮಾಡಿ, ಎರಡನ್ನೂ ರಾಜ ತನ್ನ ನಾಡಿನಿಂದ ಹೊರಗಿಡಬೇಕು ಎನ್ನುತ್ತದೆ. ಮಹಾಭಾರತದಲ್ಲಿ ನಾವು ಧರ್ಮರಾಯನ ಚಪಲವನ್ನೇ ದೂರುತ್ತೇವೆ. ಆದರೆ ಸಭೆ ಕಟ್ಟಿಸಿ ಪಗಡೆಗೆ ಕರೆ ಕಳಿಸಿದವನು ಸಿಂಹಾಸನದ ಮೇಲಿದ್ದ ಧೃತರಾಷ್ಟ್ರ.

2025ರ ಆಗಸ್ಟಿನಲ್ಲಿ ಕೇಂದ್ರ ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಮಿಲ್ ತಡವರಿಸಿದ ಜಾಗದಲ್ಲೇ ಗೆರೆ ಎಳೆದಿದೆ. ಹಣ ಕಟ್ಟಿ ಆಡುವ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಜಾಹೀರಾತು ಕೊಡುವವರಿಗೆ ಎರಡು ವರ್ಷದವರೆಗೆ, ಆಡಿದವನಿಗೆ ಶಿಕ್ಷೆಯಿಲ್ಲ. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಾದರೋ ಅಡ್ಡೆಯಲ್ಲಿ ಸಿಕ್ಕಿಬಿದ್ದ ಆಟಗಾರನನ್ನೂ ಶಿಕ್ಷಿಸುತ್ತದೆ. ನನ್ನ ಮಟ್ಟಿಗೆ 2025ರ ಗೆರೆಯೇ ಸರಿ. ಆಡುವ ಸ್ವಾತಂತ್ರ್ಯ ಬೇರೆ, ಆಡಿಸಿ ದುಡಿಯುವ ಹಕ್ಕು ಬೇರೆ. ಲಾಟರಿ ಇದೆಯೆಂಬ ಕಾರಣಕ್ಕೆ ಬೆಟ್ಟಿಂಗಿಗೆ ಪರವಾನಗಿ ಕೊಡಬಾರದು. ವರಮಾನದ ಆಸೆಗೆ ಕರ್ನಾಟಕ ಲಾಟರಿಯನ್ನು ಮತ್ತೆ ತರಲೂಬಾರದು.

ಆಡುವವನ ವಿಷಯದಲ್ಲಿ ನಮಗೆ ಉಳಿದಿರುವುದು ಮಿಲ್ ಹೇಳಿದ ದಾರಿಗಳೇ: ಕೂತು ಮಾತಾಡುವುದು, ಬೇಡಿಕೊಳ್ಳುವುದು. ನಿಮ್ಮ ಮನೆಯಲ್ಲಿ ಯಾರಾದರೂ ಬೆಟ್ಟಿಂಗ್ ಸಾಲಕ್ಕೆ ಸಿಕ್ಕಿಬಿದ್ದಿದ್ದರೆ ದಯವಿಟ್ಟು ಮುಚ್ಚಿಡಬೇಡಿ, ಹೀಯಾಳಿಸಲೂಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ.